ಕಾರುಪ್ರಕ್ಷಾಲನ ಮೀಮಾಂಸೆ: ಬಂಪರಿಗಂಟಿದ ಹುಳುವಿನ ವಿಚಾರ

ಯಾವ ಶಾಸ್ತ್ರ ಶುರುಮಾಡಿದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಪ್ಪಣೆ. ಈ ಶಾಸ್ತ್ರದ ವಿಷಯ, ಕಾರಿನ ಮುಖಕ್ಕೆ ಅಂಟಿದ ಹುಳು. ಪ್ರಯೋಜನ, ಅದು ಬಿಟ್ಟುಹೋಗುವುದು. ಸಂಬಂಧವು ಹುಳುವಿಗೂ ಕಾರಿಗೂ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಏರ್ಪಟ್ಟದ್ದು. ಅಧಿಕಾರಿ ಯಾರೆಂಬಲ್ಲಿ ಮಾತ್ರ ಜಗಳವಿದೆ. ಕಂತು ಕಟ್ಟುವವನೇ ಅಧಿಕಾರಿ ಎಂದು ಒಂದು ಪಕ್ಷ. ಭಾನುವಾರ ಬೆಳಿಗ್ಗೆ ಅಟ್ಟ ಗುಡಿಸುವ ಕೆಲಸದಿಂದ ತಪ್ಪಿಸಿಕೊಳ್ಳಬೇಕಾದ ಗಂಡಸರೆಲ್ಲರೂ ಅಧಿಕಾರಿಗಳೇ ಎಂದು ಇನ್ನೊಂದು. ಎರಡನೆಯದೇ ಗ್ರಾಹ್ಯ. ಭಾವಮೈದುನನ ಕಾರನ್ನೂ ತಾವಾಗಿ ತೊಳೆಯಲು ನಿಲ್ಲುವವರ ವರ್ತನೆಯನ್ನು ಮೊದಲ ಪಕ್ಷದಿಂದ ವಿವರಿಸಲಾಗದು.

ಇನ್ನು ಪೂರ್ವಸೂರಿಗಳ ಸ್ಮರಣೆ. ಫ್ಲಾರಿಡಾ ವಿಶ್ವವಿದ್ಯಾಲಯದ ಮಾರ್ಕ್ ಹಾಸ್ಟೆಟ್ಲರ್ ಅವರು ಗಾಜಿನ ಮೇಲಿನ ಕಲೆ ನೋಡಿ ಹುಳು ಯಾವುದೆಂದು ಗುರುತಿಸುವ ವಿಧಾನದ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು. 1997ರಲ್ಲಿ ಅದಕ್ಕೆ ಕೀಟಶಾಸ್ತ್ರದ ಇಗ್ನೊಬೆಲ್ ಪ್ರಶಸ್ತಿ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಇದು. ನಮ್ಮಲ್ಲಿ ಬಿ.ಎಲ್. ರೈಸ್ ಸಾವಿರಾರು ಶಾಸನಗಳನ್ನು ಹುಡುಕಿ, ಓದಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಬಂಡೆಗೆ, ವೀರಗಲ್ಲಿಗೆ, ದೇವಸ್ಥಾನದ ಗೋಡೆಗೆ ಸಿಕ್ಕ ಈ ಭಾಗ್ಯ ಬಾನೆಟ್ಟಿಗೆ ಸಿಗಲಿಲ್ಲ.

ಬಾನೆಟ್ಟಾದರೂ ಸಾಮಾನ್ಯ ಶಾಸನವಲ್ಲ. ಅದರ ಕಾಲ, ದೇಶ ಎರಡನ್ನೂ ನಿಖರವಾಗಿ ಹೇಳಬಹುದು. ಚಕ್ರದ ಮೇಲ್ಗಡೆ ಗೂಡಿನೊಳಗೆ ಇಟ್ಟಿಗೆಯಷ್ಟು ಗಟ್ಟಿಯಾಗಿ ಕೂತ ಕಪ್ಪುಮಣ್ಣು ಸಿಕ್ಕರೆ ಕಾರು ಗದಗ, ವಿಜಯಪುರದ ಎರೆಹೊಲಗಳ ಪಕ್ಕ ಮಳೆಯಲ್ಲಿ ಓಡಿದೆ. ನಂಬರ್ ಪ್ಲೇಟ್ ಕೆಂಪುಕಂದಾಗಿದ್ದರೆ ಸಂಡೂರಿನ ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡಿತ್ತು. ಮೇಲೆಲ್ಲ ಸಣ್ಣ ಸಣ್ಣ ಅಂಟುಹನಿಗಳಿದ್ದರೆ ಹೂಬಿಟ್ಟ ಮಾವಿನಮರದ ಕೆಳಗೆ ನಿಂತಿತ್ತು. ಅದು ಮರದ ರಸವೆಂದು ಅನೇಕರು ಭ್ರಮಿಸುತ್ತಾರೆ, ವಾಸ್ತವದಲ್ಲಿ ಮಾವಿನ ಜಿಗಿಹುಳು ರಸ ಹೀರಿ ಹೊರಹಾಕಿದ್ದು. ಮುಂಗಾರಿನ ಮೊದಲ ಮಳೆಯ ಸಂಜೆಯ ಶಾಸನದಲ್ಲಿ ಬರೀ ರೆಕ್ಕೆಗಳೇ. ಅವು ಈಸಲು ಹುಳು, ಎಂದರೆ ಹುತ್ತದಿಂದ ಮದುವೆಗೆ ಹೊರಟ ಗೆದ್ದಲು. ಈ ಹುಳುವಿನ ಮೈ ತುಂಬ ಕೊಬ್ಬು. ಕೆಲವು ಕಡೆ ಹುರಿದು ತಿನ್ನುವುದೂ ಅದಕ್ಕೇ, ಆ ಹೊತ್ತಿನಲ್ಲಿ ವೈಪರ್ ಹಾಕಿದವನಿಗೆ ಗಾಜೆಲ್ಲ ಜಿಡ್ಡು ಬಳಿದು ಎದುರಿನ ಬಸ್ಸು ಕಾಣದಂತಾಗುವುದೂ ಅದಕ್ಕೇ.

ಲಿಪಿಯ ಬಣ್ಣದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹುಳುವಿನ ರಕ್ತದಲ್ಲಿ ನಮ್ಮಂತೆ ಕೆಂಪು ಕೊಡುವ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಇಲ್ಲ. ಅದು ಹಳದಿ, ತಿಳಿಹಸಿರು, ಇಲ್ಲವೇ ಬಣ್ಣವೇ ಇಲ್ಲದ್ದು. ಕಲೆ ಕೆಂಪಾಗಿದ್ದರೆ ಒಂದೋ ಅದು ನೊಣದ ಕಣ್ಣಿನ ಬಣ್ಣ, ಇಲ್ಲವೇ ಯಾರದೋ ರಕ್ತ ಕುಡಿದು ಹೊರಟ ಸೊಳ್ಳೆ. ಆ ‘ಯಾರು’ ಎಂಬುದು ಸಂಶೋಧನೆಯ ವ್ಯಾಪ್ತಿಗೆ ಹೊರತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಥ ಶಾಸನಗಳು ದೊರೆಯುವುದೇ ಇಲ್ಲ. ಅಲ್ಲಿ ಹುಳುಗಳು ಕಾರನ್ನು ಹಿಂದಿಕ್ಕುತ್ತವೆ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: ಅಪ್ಪನ ಕಾಲದಲ್ಲಿ ಶಿರಸಿಗೆ ಹೋಗಿಬಂದರೆ ಗಾಜು ಕೆರೆಯಬೇಕಾಗುತ್ತಿತ್ತು, ಈಗ ಎಷ್ಟು ದೂರ ಹೋದರೂ ಗಾಜು ಶುಭ್ರ, ಇನ್ನು ಈ ಶಾಸ್ತ್ರ ಯಾಕೆ? ಆಕ್ಷೇಪ ಹಗುರವಾದದ್ದಲ್ಲ. ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿ 27 ವರ್ಷ ಬಲೆಯೊಡ್ಡಿ ತೂಗಿದವರು, ಹಾರುವ ಕೀಟಗಳ ಒಟ್ಟು ತೂಕ ಶೇ 75ಕ್ಕಿಂತ ಹೆಚ್ಚು ಇಳಿದಿದೆಯೆಂದು 2017ರಲ್ಲಿ ಪ್ರಕಟಿಸಿದರು. ತೊಳೆಯುವ ಶ್ರಮ ಉಳಿಯಿತೆಂದು ಇದಕ್ಕೆ ಸಂತೋಷಪಡುವವನು ಕಣ್ಣುಮುಚ್ಚಿಕೊಂಡು ಕಾರು ಓಡಿಸುವವನೇ ಸರಿ. ಹಾಗಾಗಿ ಇರುವ ಹುಳುವನ್ನಾದರೂ ಗೌರವದಿಂದ ಬಿಡಿಸೋಣ.

ಬಿಡಿಸುವ ವಿಷಯದಲ್ಲಿ ಮೂರು ಮತಗಳಿವೆ. ಮೊದಲನೆಯದು ಏಕಬಕೆಟ್ಟು. ಇವರ ಪ್ರಕಾರ ಕಾರು, ಕೊಳೆ, ಬಟ್ಟೆ ಎಲ್ಲವೂ ಒಂದೇ ಬಕೆಟ್ಟಿನಲ್ಲಿ ಲಯವಾಗತಕ್ಕವು. ಮೂರನೆಯ ಕಾರಿನ ಹೊತ್ತಿಗೆ ನೀರು, ಮಣ್ಣು, ಸೋಪು ಎಂಬ ಭೇದಬುದ್ಧಿ ತಾನಾಗಿ ಅಳಿದು ಎಲ್ಲವೂ ಒಂದೇ ಬೂದುಬಣ್ಣವಾಗಿ ತೋರುತ್ತದೆ. ಈ ಮತದ ದೋಷ ಬಿಸಿಲಿನಲ್ಲಿ ಗೊತ್ತಾಗುತ್ತದೆ. ಬಟ್ಟೆಗೆ ಸಿಕ್ಕ ಮರಳು ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ಕೆರೆದು ಸುತ್ತುಸುತ್ತಾದ ಸಣ್ಣ ಗೀರುಗಳನ್ನು ಮೂಡಿಸಿರುತ್ತದೆ. ಅದು ಮಾಯೆ ಎಂದು ಇವರು ಹೇಳುವರಾದರೂ ಹಳೇ ಕಾರು ಕೊಳ್ಳಲು ಬಂದವನು ಒಪ್ಪುವುದಿಲ್ಲ.

ದ್ವಿಬಕೆಟ್ಟಿನವರು ಭೇದವಾದಿಗಳು. ಸೋಪಿನ ನೀರಿಗೂ ಜಾಲಿಸುವ ನೀರಿಗೂ, ನೀರಿಗೂ ಮಣ್ಣಿಗೂ, ಮಣ್ಣಿಗೂ ಬಣ್ಣಕ್ಕೂ, ಕಾರಿನ ಶಾಂಪೂಗೂ ಪಾತ್ರೆ ತೊಳೆಯುವ ಲಿಕ್ವಿಡ್ಡಿಗೂ, ಚಕ್ರ ಒರೆಸಿದ ಬಟ್ಟೆಗೂ ಬಾನೆಟ್ ಒರೆಸುವ ಬಟ್ಟೆಗೂ ಇರುವ ಐದು ಭೇದಗಳು ನಿತ್ಯ, ಸತ್ಯ ಎಂದು ಸಾಧಿಸುತ್ತಾರೆ. ನಾಲ್ಕನೆಯ ಭೇದವಂತೂ ಅನುಭವಸಿದ್ಧ. ಪಾತ್ರೆಯ ಲಿಕ್ವಿಡ್ಡು ಜಿಡ್ಡಿನ ಜೊತೆಗೆ ಕಾರಿಗೆ ಹಚ್ಚಿದ ವ್ಯಾಕ್ಸನ್ನೂ ತೆಗೆದುಬಿಡುತ್ತದೆ. ಮೂರನೆಯವರು ಸಮನ್ವಯದವರು: ಬಕೆಟ್ಟು ಒಂದೇ, ಆದರೆ ತಳದಲ್ಲಿ ಜಾಲರಿಯಿಂದ ವಿಶಿಷ್ಟವಾದದ್ದು. ಮರಳು ಜಾಲರಿಯ ಕೆಳಗೆ ಶರಣಾಗುತ್ತದೆ, ಬಟ್ಟೆ ಮೇಲೆ ಉಳಿಯುತ್ತದೆ. ಚಾರ್ವಾಕರನ್ನು ಮತವೆಂದು ಲೆಕ್ಕಕ್ಕೆ ಹಿಡಿದಿಲ್ಲ. ಅವರು ಕ್ರೆಡಿಟ್ ಕಾರ್ಡು ಉಜ್ಜಿ ವಾಟರ್ ಸರ್ವಿಸ್ಸಿನಲ್ಲಿ ನೊರೆಸ್ನಾನ ಮಾಡಿಸಿಕೊಂಡು ಸುಖವಾಗಿರುತ್ತಾರೆ.

ಮೂವರೂ ವಾದದಲ್ಲಿದ್ದಾಗ 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯ ಆದೇಶ ಬಂತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ₹5,000 ದಂಡ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೆಚ್ಚುಕಡಿಮೆ ಐನೂರು ಮೀಟರ್ ಎತ್ತರಕ್ಕೆ ಪಂಪು ಹಚ್ಚಿ ಏರಿಸಿದ ಕಾವೇರಿಯನ್ನು ನೊಣದ ಕಣ್ಣು ತೊಳೆಯಲು ಸುರಿಯುವುದು ಯಾವ ಮತದಲ್ಲೂ ಸಮರ್ಥನೀಯವಲ್ಲ. ಅಲ್ಲಿಯವರೆಗೆ ಯಾರೂ ಮೂಸದಿದ್ದ ಶೂನ್ಯಬಕೆಟ್ಟು ವಾದ, ಎಂದರೆ ಒದ್ದೆಬಟ್ಟೆ ಸಾಕೆಂಬುದು, ಒಂದೇ ದಿನದಲ್ಲಿ ರಾಜಮತವಾಯಿತು. ಬೋರ್‌ವೆಲ್ ನೀರಿನತ್ತ ಓಡಿದವರಿಗೆ ಬೇರೆ ಪಾಡು. ಗಡಸು ನೀರು ಒಣಗಿದಲ್ಲೆಲ್ಲ ಸುಣ್ಣದ ಬಿಳಿಚುಕ್ಕೆ.

ಮತ ಯಾವುದಾದರೂ ಇರಲಿ, ಒಣಗಿದ ಹುಳು ಯಾಕೆ ಅಷ್ಟು ಬಿಗಿಯಾಗಿ ಹಿಡಿಯುತ್ತದೆ? ಒಳಗಿನ ಪ್ರೋಟೀನು ಒಣಗಿ ಅಂಟಾಗುತ್ತದೆ, ಎಂಜಿನ್ನಿನ ಕಾವೂ ಬಿಸಿಲೂ ಸೇರಿ ಅದನ್ನು ಬೇಯಿಸುತ್ತವೆ, ಬಹಳ ದಿನ ಬಿಟ್ಟರೆ ಬಣ್ಣಕ್ಕೇ ಕಲೆ ಕೂರುತ್ತದೆ. ಹೊರಗಿನ ಚಿಪ್ಪು ಗಟ್ಟಿ; ಒಣಗಿದ್ದಾಗಲೇ ಉಜ್ಜಿದರೆ ಅದೇ ಬಣ್ಣ ಕೆರೆಯುತ್ತದೆ. ಈ ಪ್ರಶ್ನೆಯನ್ನು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಜಾವ ಕಾರು ಒರೆಸಲು ಬರುವ ಹುಡುಗನ ಮುಂದಿಟ್ಟು, ಮೂರು ಮತಗಳನ್ನೂ ಸವಿಸ್ತಾರವಾಗಿ ಹೇಳಲಾಯಿತು. ಅವನು ಹಳೇ ಟವೆಲೊಂದನ್ನು ನೆನೆಸಿ, ಅರೆಬರೆ ಹಿಂಡಿ, ಬಂಪರಿನ ಮೇಲೆ ಹರಡಿ ಪಕ್ಕದ ಕಾರಿಗೆ ಹೋದ. ವಾಪಸು ಬಂದು ಟವೆಲ್ಲನ್ನು ಒಂದೇ ಸಲ ಮೆಲ್ಲಗೆ ಎಳೆದ. ಹುಳುಗಳೆಲ್ಲ ಅದರ ಜೊತೆಗೇ ಬಂದವು.

“ಇದಕ್ಕೆ ಶಾಸ್ತ್ರದಲ್ಲಿ ಏನಂತಾರೆ ಗೊತ್ತೇನಪ್ಪಾ?”

“ರಾತ್ರಿ ಮನೇಲಿ ಪಾತ್ರೆ ನೆನೆಹಾಕಲ್ವಾ ಸಾರ್, ಹಂಗೇ. ಒಣಗಿದ್ದನ್ನ ಕೆರೀಬಾರ್ದು.”

“ಆದ್ರೂ ಎರಡು ಬಕೆಟ್ಟು ಇಟ್ಕೊಂಡ್ರೆ ಒಳ್ಳೇದು.”

“ಇಟ್ಕೊಳಾಣ ಸಾರ್. ಎರಡ್ನೇದು ನೀವೇ ಕೊಡ್ಸಿ. ಇನ್ನೂರು ರೂಪಾಯಿ ಆಗತ್ತೆ. ಹೋದ್ ತಿಂಗಳ್ದೂ ಬಾಕಿ ಇದೆ.”