ಸೀಸದ ಸೈನ್ಯ, ನರೆತ ಸೇನಾಪತಿಗಳು

ಆಟಿಕೆ ಸೈನಿಕನಿಗೆ ವಯಸ್ಸಾಗುವುದಿಲ್ಲ. ಆಗುವುದು ಅವನನ್ನು ಕೂಡಿಟ್ಟವರಿಗೆ. ಚಿಕಾಗೊ ಪಕ್ಕದ ಶಾಂಬರ್ಗ್‌ನ ಸಂಗ್ರಾಹಕರ ಮೇಳದಲ್ಲಿ ವ್ಯಾಪಾರ ಶುರುವಾಗುವುದು ಸಭಾಂಗಣದಲ್ಲಲ್ಲ, ಹೋಟೆಲ್ ಕೋಣೆಗಳಲ್ಲಿ. ಬಾಗಿಲು ತೆರೆದೇ ಇರುತ್ತದೆ, ಮಂಚದ ತುಂಬ ನೆಪೋಲಿಯನ್ನನ ಪಡೆ. ಯಜಮಾನರು ರಾತ್ರಿ ಎಲ್ಲಿ ಮಲಗುತ್ತಾರೋ ದೇವರೇ ಬಲ್ಲ.

1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯಿತು. ಸೀಸ ಉಳಿಯಿತು, ಬೆಲೆ ಇಳಿಯಿತು, ಜರ್ಮನಿಯ ಗಟ್ಟಿ ಸೈನಿಕರು ಅಂಗಡಿಯಲ್ಲೇ ಸೋತರು. ಆ ಟೊಳ್ಳು ಕುತ್ತಿಗೆ ಮುರಿದರೆ ಮಕ್ಕಳು ಬೆಂಕಿಕಡ್ಡಿ ತೂರಿಸಿ ತಲೆ ಕೂರಿಸುತ್ತಿದ್ದರು. ಇಂದು ಆ ಕಡ್ಡಿ ಕಂಡರೆ ಗಿರಾಕಿ ಮೂಗು ಮುರಿಯುತ್ತಾನೆ. ಕೆಂಪು ಡಬ್ಬಿಯಲ್ಲಿ ದಾರ ಬಿಚ್ಚದೆ ಕೂತವನಿಗೇ ಹೆಚ್ಚು ಬೆಲೆ. ಅಂದರೆ ಆಟಿಕೆಗೆ ರೇಟು ಬರಬೇಕಾದರೆ ಹಿಂದೆಂದೋ ಒಂದು ಮಗು ಆಡಲು ಸಿಗದೆ ಅತ್ತಿರಬೇಕು!

1966ರ ಹೊತ್ತಿಗೆ ಬ್ರಿಟನ್ ಸಂಸ್ಥೆಯಲ್ಲಿ ಸೀಸ ಹೋಯಿತು, ಪ್ಲಾಸ್ಟಿಕ್ ಉಳಿಯಿತು. ಸೀಸದ ಪಡೆ ಆಡಿಸಿದ ಹುಡುಗರೇ ಕೈಗೆ ಸಂಬಳ ಬಂದ ಮೇಲೆ ಮೇಳಗಳನ್ನು ತುಂಬಿದರು. ಈಗ ಅವರಿಗೆ ಮೊಣಕಾಲು ನೋವು. ಹೇಗೂ ಇಬೇ ಎಂಬ ಆನ್‌ಲೈನ್ ಸಂತೆ ಮನೆಗೇ ಬಂದಿದೆ. ಕಪಾಟು ಖಾಲಿ ಮಾಡುವವರು ಹೆಚ್ಚಿ, ಕೊಳ್ಳುವವರು ಕಡಿಮೆಯಾದರೆ ಬೆಲೆ ಬೀಳದೆ ಇನ್ನೇನು? ಮೊಮ್ಮಕ್ಕಳು ಮೊಬೈಲಿನಲ್ಲೇ ಯುದ್ಧ ಗೆಲ್ಲುತ್ತಾರೆ, ಧೂಳು ಒರೆಸುವ ತಾಪತ್ರಯವೂ ಇಲ್ಲ.

ಹಾಗಂತ ಸೀಸದ ಸೈನಿಕರ ಹಳೆಯ ಡಬ್ಬಿಯೊಂದು ಎಲ್ಲಾದರೂ ನಿಮ್ಮ ಕೈಗೆ ಸಿಕ್ಕರೆ ಗುಜರಿಗೆ ಹಾಕಬೇಡಿ. ತಿಳಿದವರಿಗೆ ತೋರಿಸಿ, ಹೊಸ ಬಣ್ಣ ಬಳಿಯಲು ಹೋಗಬೇಡಿ, ಮಗುವಿನ ಬಾಯಿಗಂತೂ ಕೊಡಲೇಬೇಡಿ. ಸೀಸ ವಿಷ.