ನೆಲಕ್ಕೆ ಮಲಗಲು ಎರಡು ದಾರಿ

ಬೆಳಗಿನ ವಾಕಿಂಗ್ ಇದೆ, ಸಂಜೆಗೆ ಜಿಮ್ಮಿದೆ; ಇವುಗಳ ಜೊತೆಗೆ ಇನ್ನೊಂದು ಬೇಕು, ಅದು ಯೋಗವೋ ಪಿಲಾಟಿಸ್ಸೋ ಎಂಬುದು ಹೊಟ್ಟೆ ತುಂಬಿದವರ ಪ್ರಶ್ನೆ. ಇಷ್ಟಕ್ಕೆಲ್ಲ ಮೂಲ ಆ ತುಂಬಿದ ಹೊಟ್ಟೆಯೇ ತಾನೆ. ಇದನ್ನು ಕುರಿತು ವಾದ ಮಾಡುವ ಹೊತ್ತಿನಲ್ಲಿ ಎರಡನ್ನೂ ಒಂದೊಂದು ಸುತ್ತು ಮಾಡಿ ಮುಗಿಸಿ ಸ್ನಾನಕ್ಕೆ ಹೋಗಬಹುದು ಎಂಬುದು ನನಗೆ ಗೊತ್ತಿದೆ. ಆದರೆ ಕಾಲು ಎತ್ತುವುದಕ್ಕಿಂತ ಕಾಲು ಎತ್ತುವ ಬಗ್ಗೆ ಮಾತಾಡುವುದರಲ್ಲಿ ಸುಖ ಹೆಚ್ಚು. ನಾಚಿಕೆಯಾದರೂ ಆ ಸುಖವನ್ನು ನಾನು ಬಿಡಲಾರೆ. ನನ್ನ ಪಕ್ಷ ಇಷ್ಟು: ಹೊಸೂರಿನಲ್ಲಿರುವವರು ಯೋಗವನ್ನೇ ಆರಿಸಿಕೊಳ್ಳಬೇಕು. ಜನ ಸಾಮಾನ್ಯವಾಗಿ ಎದೆ ತಟ್ಟಿಕೊಂಡು ಹೇಳುವ ಕಾರಣಕ್ಕಲ್ಲ, ಆ ಕಾರಣ ಪೊಳ್ಳು. ಗಟ್ಟಿ ಕಾರಣ ಅತ್ತಿಬೆಲೆ ಗಡಿಯ ಆಚೆಗಿನ ರಸ್ತೆಯಲ್ಲಿದೆ.

ಪೊಳ್ಳನ್ನು ಮೊದಲು ತೂರಿಬಿಡೋಣ. ಯೋಗ ನಮ್ಮದು, ಸಾವಿರಾರು ವರ್ಷದ್ದು. ಪಿಲಾಟಿಸ್ ಪರದೇಶದ್ದು, ಮೊನ್ನೆ ಮೊನ್ನೆಯದು ಎನ್ನುತ್ತಾರೆ. ಧ್ಯಾನ ಪ್ರಾಣಾಯಾಮಗಳ ಮಟ್ಟಿಗೆ ಮಾತು ಸರಿಯೇ. ಆದರೆ ಚಾಪೆ ಹಾಸಿ, ನಿಂತು, ಬಗ್ಗಿ, ಹಿಂದಕ್ಕೆ ಜಿಗಿದು ಒಂದರ ಬೆನ್ನಿಗೊಂದು ಮಾಡುವ ಇವತ್ತಿನ ತರಗತಿಯ ಯೋಗಕ್ಕೆ ವಯಸ್ಸು ಕೇಳಿದರೆ ಕೊಂಚ ಮುಜುಗರವಾಗುತ್ತದೆ. ಹದಿನೈದನೆಯ ಶತಮಾನದ ಹಠಪ್ರದೀಪಿಕೆ ವಿವರಿಸುವ ಆಸನಗಳು 15. ಹೆಚ್ಚಿನವು ಕೂತು ಮಾಡುವಂಥವು. ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಮನೆಮನೆಗೆ ಹಬ್ಬಿಸಿದವರು 1920ರ ದಶಕದಲ್ಲಿ ಔಂಧ್ ಸಂಸ್ಥಾನದ ರಾಜರು. ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ್ದು 1930ರ ದಶಕದಲ್ಲಿ. ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಅಚ್ಚಾದದ್ದು 1934ರಲ್ಲಿ. ಅಷ್ಟರಲ್ಲಾಗಲೇ ಜೋಸೆಫ್ ಪಿಲಾಟಿಸ್ ಎಂಬ ಜರ್ಮನಿಯವನು, 1926ರಲ್ಲಿ ನ್ಯೂಯಾರ್ಕಿಗೆ ಬಂದಿಳಿದು, ಎಂಟನೇ ಅವೆನ್ಯೂದಲ್ಲಿ ಶಿಷ್ಯರ ಹೊಟ್ಟೆಯನ್ನು ಒಳಗೆಳೆಸುತ್ತಿದ್ದ. ಎರಡೂ ಪದ್ಧತಿಗಳು ಓರಗೆಯವು. ಜಾತಕ ಕೂಡುವುದು ಇಲ್ಲಿಗೇ ನಿಲ್ಲುವುದಿಲ್ಲ. ಪಿಲಾಟಿಸ್ ಬಾಲ್ಯದಲ್ಲಿ ಉಬ್ಬಸ, ರಿಕೆಟ್ಸ್‌ಗಳಿಂದ ನರಳಿದವನು. ಕೃಷ್ಣಮಾಚಾರ್ಯರ ಭಾವಮೈದುನ, ಹೊಸೂರಿನಿಂದ ಮಾಲೂರು ದಾಟಿದರೆ ಅಷ್ಟೇನೂ ದೂರವಲ್ಲದ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್, ಮಲೇರಿಯ, ಟೈಫಾಯ್ಡ್, ಕ್ಷಯ ಮೂರನ್ನೂ ಕಂಡ ನರಪೇತಲ ಹುಡುಗ. ಸಾಮಾನು ಸರಂಜಾಮು ಬೇಡದ್ದೇ ಯೋಗದ ಹೆಚ್ಚುಗಾರಿಕೆ ಎನ್ನುವವರು ಅಯ್ಯಂಗಾರರ ಶಾಲೆಯ ಚಿತ್ರಗಳನ್ನು ನೋಡಬೇಕು: ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಮದುವೆ ಛತ್ರದಲ್ಲಿ ಊಟಕ್ಕೆ ಹಾಕುವಂಥ ಕಬ್ಬಿಣದ ಮಡಚುವ ಕುರ್ಚಿ. ಅತ್ತ ಪಿಲಾಟಿಸ್ ಸ್ಪ್ರಿಂಗು ಹಾಕಿದ ಕುರ್ಚಿಯೊಂದನ್ನು ಮಾಡಿದ. ಕಸರತ್ತು ಮುಗಿದ ಮೇಲೆ ಅದನ್ನು ಮಗುಚಿ ಹಾಕಿದರೆ ಪಡಸಾಲೆಯಲ್ಲಿ ಕೂರುವ ಕುರ್ಚಿಯಾಗುತ್ತಿತ್ತು. ಕುರ್ಚಿಯ ವಿಷಯದಲ್ಲೂ ಇಬ್ಬರೂ ಸಮಸಮ.

ಹಾಗಾದರೆ ಫಲ ಯಾವುದರಲ್ಲಿ ಜಾಸ್ತಿ? ಇಲ್ಲಿ ವಿಜ್ಞಾನಿಗಳು ನಮ್ಮನ್ನು ನಡುನೀರಿನಲ್ಲಿ ಕೈಬಿಟ್ಟಿದ್ದಾರೆ. ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಜಾಲಿಸುವ ಕಾಕ್ರೇನ್ ಸಂಸ್ಥೆ ಸೊಂಟನೋವಿಗೆ ಪಿಲಾಟಿಸ್ ಹೇಗೆ ಎಂದು 2015ರಲ್ಲೂ ಯೋಗ ಹೇಗೆ ಎಂದು 2017ರಲ್ಲೂ ವರದಿ ಕೊಟ್ಟಿತು. ಎರಡರ ಸಾರವೂ ಹೆಚ್ಚುಕಡಿಮೆ ಒಂದೇ: ಏನೂ ಮಾಡದೆ ಇರುವುದಕ್ಕಿಂತ ಮೇಲು, ಬೇರೆ ವ್ಯಾಯಾಮಕ್ಕಿಂತ ಮೇಲು ಎನ್ನಲು ಪುರಾವೆ ಸಾಲದು. ಬೀಗರಿಬ್ಬರೂ ಮುನಿಸಿಕೊಳ್ಳದಂತೆ ಕೊಟ್ಟ ತೀರ್ಪು. ಆದ್ದರಿಂದ ಜೊತೆಗೆ ಯಾವುದು ಬೇಕು ಎಂಬುದನ್ನು ಪದ್ಧತಿಯ ಮಹಿಮೆಯಿಂದ ಅಳೆಯಲಾಗದು. ನಮ್ಮ ದಿನದಿಂದ ಅಳೆಯಬೇಕು. ದಿನವಿಡೀ ದೇಹ ಏನು ಮಾಡುವುದಿಲ್ಲವೋ ಅದು ಅದಕ್ಕೆ ಜೊತೆಯಾಗಬೇಕು, ಮತ್ತು ಅದು ನಿತ್ಯ ಕೈಗೆಟುಕಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ಓಡಾಟ, ಎರಡು ದಿನ ಸ್ನಾಯು ಬಲಿಯುವ ಕೆಲಸ ಎನ್ನುತ್ತದೆ. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ ಹತ್ತಿಳಿಯುವವರಿಗೆ ಮೊದಲನೆಯದೂ ಜಿಮ್ಮಿಗೆ ಹೋಗುವವರಿಗೆ ಎರಡನೆಯದೂ ಸಂದಿತು. ಸಿಗದೆ ಉಳಿಯುವುದು ಬಿಗಿದ ತೊಡೆಯನ್ನೂ ಭುಜವನ್ನೂ ಸಡಿಲಿಸಿ, ಬೆನ್ನನ್ನು ಹತೋಟಿಗೆ ತರುವ ಕೆಲಸ. ಒಂದು ಭಂಗಿಯಲ್ಲಿ ನಿಂತು ಉಸಿರಾಡುವುದು ಯೋಗದ ರೀತಿ. ನಿಲ್ಲದೆ, ಆದರೆ ಅಳೆದು ತೂಗಿ ಚಲಿಸುವುದು ಪಿಲಾಟಿಸ್ಸಿನ ರೀತಿ. ಹೊಟ್ಟೆಯ ಒಳಪದರದ ಬಿಗಿಯೇ ಮುಖ್ಯ ಎನ್ನುವವರಿಗೆ ಪಿಲಾಟಿಸ್ ಒಂದು ಕೂದಲೆಳೆ ಮೇಲಾದೀತು ಎಂಬುದನ್ನು ನಾನು ಒಪ್ಪುತ್ತೇನೆ. ಒಪ್ಪಿದರೂ ಅದನ್ನು ಮಾಡುವುದು ಎಲ್ಲಿ ಎಂಬ ಪ್ರಶ್ನೆ ಉಳಿಯಿತು.

ಮನೆಯಲ್ಲೇ ಎನ್ನುತ್ತೀರಿ. 1945ರ ತನ್ನ ಪುಸ್ತಕದಲ್ಲಿ ಪಿಲಾಟಿಸ್ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳನ್ನು ಕೊಟ್ಟಿದ್ದಾನೆ, ಯಂತ್ರವೇಕೆ ಎನ್ನುತ್ತೀರಿ. ಸರಿ, ಅದರಲ್ಲಿ ಮೊದಲನೆಯದನ್ನೇ ತೆಗೆದುಕೊಳ್ಳಿ. ಅದರ ಹೆಸರು ‘ಹಂಡ್ರೆಡ್’. ಅಂಗಾತ ಮಲಗಬೇಕು, ಕಾಲೆರಡನ್ನೂ ಜೋಡಿಸಿ ಎತ್ತಬೇಕು, ತಲೆ ಭುಜಗಳನ್ನು ನೆಲದಿಂದ ಬಿಡಿಸಬೇಕು, ಕೈಗಳನ್ನು ಮೈ ಪಕ್ಕದಲ್ಲೇ ಉದ್ದಕ್ಕೆ ಚಾಚಿಟ್ಟುಕೊಂಡು ಪಟಪಟನೆ ಮೇಲೆ ಕೆಳಗೆ ಬಡಿಯಬೇಕು. ಐದು ಬಡಿತಕ್ಕೆ ಉಸಿರು ಒಳಗೆ, ಐದಕ್ಕೆ ಹೊರಗೆ, ಒಟ್ಟು ನೂರು. ಈಗ ಹೊಸೂರಿನ ಯಾವುದಾದರೂ ಎರಡು ಕೋಣೆಯ ಮನೆಯ ಹಾಲಿನಲ್ಲಿ, ಬೆಳಗಿನ ಆರು ಗಂಟೆಗೆ, ಸೊಸೆಯೊಬ್ಬಳು ಇದನ್ನು ಶುರುಮಾಡಿದಳೆನ್ನಿ. ಹಾಲು ಕಾಯಿಸಲು ಎದ್ದ ಅತ್ತೆಗೆ ಕಾಣುವುದೇನು? ಕಾಲು ಸೆಟೆದಿದೆ, ಕತ್ತು ಎತ್ತಿದೆ, ಕೈ ಬಡಿದುಕೊಳ್ಳುತ್ತಿದೆ, ಬಾಯಿಂದ ಬುಸ್ಸೆಂಬ ಸದ್ದು. ಇಪ್ಪತ್ತಕ್ಕೆ ‘ಅಯ್ಯಯ್ಯೋ, ಇದ್ಯಾಕಮ್ಮಾ ಹಿಂಗೆ!’ ಎಂಬ ಕೂಗು. ಮೂವತ್ತಕ್ಕೆ ಅಂಗೈಗೆ ಬೀಗದಕೈ ಗೊಂಚಲು ತುರುಕಲಾಗಿದೆ. ಬಡಿತ ನಿಲ್ಲಿಸುವಂತಿಲ್ಲವಾದ್ದರಿಂದ ಗೊಂಚಲು ಝಣಝಣ ಎನ್ನುತ್ತದೆ, ಮೂರ್ಛೆರೋಗ ಉಲ್ಬಣಿಸಿತೆಂದು ಅತ್ತೆಗೆ ಖಾತ್ರಿಯಾಗುತ್ತದೆ. ನಲವತ್ತೈದಕ್ಕೆ ಪಕ್ಕದ ಮನೆಯಾಕೆ ಹೆಚ್ಚಿದ ಈರುಳ್ಳಿ ಹಿಡಿದು ಬರುತ್ತಾಳೆ, ಮೂಗಿಗೆ ಒತ್ತುತ್ತಾಳೆ. ಅದು ಸರಿಯಾಗಿ ಉಸಿರು ಒಳಗೆಳೆಯುವ ಐದರ ಸರದಿ. ಅರವತ್ತಕ್ಕೆ ಮಹಡಿಯವರು ತೆಲುಗಿನಲ್ಲಿ ಬೆನ್ನು ನೀವಿರೆನ್ನುತ್ತಾರೆ, ಎದುರು ಮನೆಯವರು ತಮಿಳಿನಲ್ಲಿ ಯಾರೂ ಮುಟ್ಟಬೇಡಿರೆನ್ನುತ್ತಾರೆ, ಹಾಲಿನವನು ಕನ್ನಡದಲ್ಲಿ ಬೇವಿನ ಸೊಪ್ಪು ಎಲ್ಲಿದೆ ಎಂದು ಕೇಳುತ್ತಾನೆ. ಸೊಸೆಗೆ ಹೇಳಲು ಬಾಯಿ ಬರುತ್ತದೆ, ಉಸಿರು ಬರುವುದಿಲ್ಲ. ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಎಂಬತ್ತಕ್ಕೆ ಅತ್ತೆಯ ಕಣ್ಣಲ್ಲಿ ನೀರು, ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ. ನೂರು ಮುಟ್ಟುವುದರೊಳಗೆ ಯಾರೋ 108ಕ್ಕೆ ಫೋನು ಮಾಡಿಯಾಗಿದೆ. ಇದೇ ಸೊಸೆ ಅದೇ ಜಾಗದಲ್ಲಿ ಶವಾಸನ ಹಾಕಿದ್ದರೆ, ಹೆಸರೇ ಹೆಣದ್ದಾದರೂ, ಅತ್ತೆ ದಾಟಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ನಿತ್ಯದ ವ್ಯಾಯಾಮಕ್ಕೆ ಮನೆಯವರ ಈ ಉದಾಸೀನ ಬಹಳ ದೊಡ್ಡ ಬಲ.

ಇನ್ನು ಯಂತ್ರದ ಪಿಲಾಟಿಸ್. ರಿಫಾರ್ಮರ್ ಎಂಬ ಸ್ಪ್ರಿಂಗಿನ ಮಂಚದ ಆಸೆ ಹುಟ್ಟಿದರೆ ಹೊಸೂರಿನವರ ಕಣ್ಣು ಹೋಗುವುದು ಬೆಂಗಳೂರಿನ ಕೋರಮಂಗಲದ ಕಡೆಗೇ. ಅತ್ತಿಬೆಲೆ, ಚಂದಾಪುರ, ಬೊಮ್ಮಸಂದ್ರ, ಆಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್. ಕಾರಿನಲ್ಲಾದರೆ ಬಲಗಾಲು ಬ್ರೇಕಿನ ಮೇಲೆ, ಬಸ್ಸಿನಲ್ಲಾದರೆ ಮಂಡಿ ಮುಂದಿನ ಸೀಟಿನ ಬೆನ್ನಿಗೆ. ಎರಡರಲ್ಲೂ ಸೊಂಟ ನಡುವೆ ಕುಸಿದಿರುತ್ತದೆ. ಗಂಟೆಗಟ್ಟಲೆ ಬೆನ್ನು ಕೆಡಿಸಿಕೊಂಡು ಹೋಗಿ, ಒಂದು ಗಂಟೆ ಅದನ್ನು ರಿಪೇರಿ ಮಾಡಿಸಿ, ಮತ್ತೆ ಅಷ್ಟೇ ಹೊತ್ತು ಕೆಡಿಸಿಕೊಂಡು ಬರುವುದು ಗಣಿತಕ್ಕೆ ಒಗ್ಗದ ಮಾತು. ಯೋಗ ಕಲಿಸುವವರಾದರೋ ಊರಲ್ಲೇ ಸಿಗುತ್ತಾರೆ; ಬೆನ್ನು ಸೊಟ್ಟಗಾದರೆ ಎದ್ದು ಬಂದು ನೆಟ್ಟಗೆ ಮಾಡುತ್ತಾರೆ. ಯೂಟ್ಯೂಬ್ ಇದೆಯಲ್ಲ ಎಂದರೆ, ಯೂಟ್ಯೂಬಿಗೆ ನಿಮ್ಮ ಬೆನ್ನು ಕಾಣುವುದಿಲ್ಲ. ನಾಳೆ ಚಂದ್ರಚೂಡೇಶ್ವರನ ಬೆಟ್ಟದ ಬುಡದಲ್ಲೇ ಒಳ್ಳೆಯ ಪಿಲಾಟಿಸ್ ಗುರುವೊಬ್ಬರು ಅಂಗಡಿ ತೆರೆದರೆ ನನ್ನ ಓಟನ್ನು ಅಲ್ಲಿಗೆ ಹಾಕಲು ನನಗೆ ಅಡ್ಡಿಯಿಲ್ಲ. ಜಿಮ್ಮಿನವರಿಗೆ ಯೋಗ ಒಗ್ಗುವುದಿಲ್ಲ, ಸ್ನಾಯು ಇಳಿದುಹೋಗುತ್ತದೆ ಎಂಬ ತಕರಾರಿಗೆ ಉತ್ತರ ಹಳೆಯದು. ‘ಶಾಂತಲಾ’ ಕಾದಂಬರಿಯಿಂದ ನಮಗೆ ಗೊತ್ತಿರುವ ಕೆ.ವಿ. ಅಯ್ಯರ್ ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಬಾರ್‌ಬೆಲ್ಲನ್ನೂ ಹಠಯೋಗವನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದರು. 1930ರ ಹೊತ್ತಿನ ಅವರ ಫೋಟೋಗಳಲ್ಲಿ ಇಳಿದ ಸ್ನಾಯು ಒಂದೂ ಕಾಣುವುದಿಲ್ಲ.

ಇಷ್ಟಾದ ಮೇಲೂ ಒಂದು ಆಕ್ಷೇಪ ಬಂದೇ ಬರುತ್ತದೆ, ಅದನ್ನು ಕೇಳಿದಾಗ ನನಗೆ ಮೈ ಉರಿಯುತ್ತದೆ. ‘ನಮ್ಮ ಹಿರೀಕರು ಯಾವ ಯೋಗ ಮಾಡಿದ್ದರು? ರಾಗಿ ಬೀಸಿದರು, ನೀರು ಸೇದಿದರು, ನೂರು ವರ್ಷ ಬಾಳಿದರು. ಈಗಲೂ ನೋಡಿ, ದುಡಿಯುವವರಿಗೆ ಬೆನ್ನುನೋವೇ ಇಲ್ಲ.’ ಈ ಮಾತು ಆಡುವವರು ಸಾಧಾರಣವಾಗಿ ಸೋಫಾದಿಂದಲೇ ಆಡುತ್ತಾರೆ. ಸೇದಿ ಸೇದಿ ಸೊಂಟ ಬಿದ್ದ ಅಜ್ಜಿಯರನ್ನು ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೆ. ಈಗಿನ ಮಾತೇ ಆಗಲಿ: ಹೊಸೂರಿನ ಸುತ್ತ, ಬಾಗಲೂರು ಬೇರಿಕೆ ತಳಿ ಕಡೆಗಳಲ್ಲಿ, ಪಾಲಿಹೌಸುಗಳ ಒಳಗೆ ಗುಲಾಬಿ ಬೆಳೆಯುತ್ತಾರೆ. ಪ್ರೇಮಿಗಳ ದಿನದ ಹೂ ಹೊರದೇಶಕ್ಕೆ ಹೋಗಬೇಕಾದ ಜನವರಿ ಕೊನೆ, ಫೆಬ್ರವರಿ ಮೊದಲ ವಾರದಲ್ಲಿ ಅಲ್ಲಿ ಕೆಲಸ ಉಸಿರುಕಟ್ಟುವಷ್ಟು. ಮೊಗ್ಗು ಬಿರಿಯುವ ಮುಂಚೆ ಕತ್ತರಿಸಬೇಕು; ಸಾಲಿನ ನಡುವೆ ಅಡ್ಡ ತಿರುಗಿ, ಮುಳ್ಳಿಗೆ ತಾಗದಂತೆ ಕೈ ಒಳಗೆ ಹಾಕಿ, ಬಗ್ಗಿ ಬುಡದ ಹತ್ತಿರ ಕತ್ತರಿ ಇಡಬೇಕು; ಆಮೇಲೆ ಶೆಡ್ಡಿನಲ್ಲಿ ನಿಂತು ದಂಟಿನ ಉದ್ದ ಅಳೆದು ಬೇರ್ಪಡಿಸಿ, ಇಪ್ಪತ್ತಿಪ್ಪತ್ತರ ಕಟ್ಟು ಕಟ್ಟಬೇಕು. ಬಗ್ಗುವುದು, ತಿರುಗುವುದು, ಕೈ ಚಾಚಿ ಹಿಡಿಯುವುದು, ಗಂಟೆಗಟ್ಟಲೆ ನಿಲ್ಲುವುದು: ಯೋಗದ ತರಗತಿಯ ಎಲ್ಲ ಅಂಗಗಳೂ ಇವೆ, ಗುರು ‘ಸಾಕು, ವಿಶ್ರಾಂತಿ’ ಎನ್ನುವ ಆ ಒಂದು ಭಾಗವನ್ನು ಬಿಟ್ಟು. ದಿನವಿಡೀ ದೇಹ ಏನು ಮಾಡುವುದಿಲ್ಲವೋ ಅದನ್ನು ಜೊತೆಗೆ ಕೊಡಬೇಕು ಎಂಬ ನನ್ನ ಸೂತ್ರವನ್ನು ಈ ಕೆಲಸ ಮಾಡುವ ಹೆಂಗಸರಿಗೆ ಅನ್ವಯಿಸಿದರೆ, ಅವರಿಗೆ ಬೇಕಾದದ್ದು ಯೋಗವೂ ಅಲ್ಲ, ಪಿಲಾಟಿಸ್ಸೂ ಅಲ್ಲ. ಬೆನ್ನು ಆನಿಸಲು ಒಂದು ಕುರ್ಚಿ, ಕೂರಲು ಒಂದಿಷ್ಟು ಹೊತ್ತು. ಅಂಗಡಿಗಳಲ್ಲಿ ನಿಂತು ದುಡಿಯುವವರಿಗೆ ಕೂರಲು ಆಸನ ಒದಗಿಸಲೇಬೇಕು ಎಂದು ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿತು. ಅದು ಅಂಗಡಿ ಮುಂಗಟ್ಟುಗಳ ಕಾಯ್ದೆ. ಗುಲಾಬಿ ಸಾಲಿನಲ್ಲಿ ಬಗ್ಗಿದವರ ಮಾತು ಅದರಲ್ಲಿಲ್ಲ.