‘ಕಂತು’ ಶಬ್ದದ ಮೂರು ಅರ್ಥ

ಕನ್ನಡದಲ್ಲಿ ‘ಕಂತು’ ಎಂಬ ಶಬ್ದಕ್ಕೆ ಮುಖ್ಯವಾಗಿ ಮೂರು ಅರ್ಥಗಳಿವೆ: ಹಳೆಯ ಕಾವ್ಯಗಳಲ್ಲಿ ಅದು ಮನ್ಮಥನ ಹೆಸರು, ವಿಷ್ಣುವಿಗೆ ‘ಕಂತುಪಿತ’ನೆಂಬ ಹೆಸರು ಬಂದದ್ದೂ ಅದರಿಂದಲೇ, ಕ್ರಿಯಾಪದವಾಗಿ ಬಂದಾಗ ಅದಕ್ಕೆ ಮುಳುಗು, ಅಸ್ತಮಿಸು ಎಂದರ್ಥ, ಚೀಟಿ, ಬ್ಯಾಂಕು, ಫೈನಾನ್ಸುಗಳ ಲೋಕದಲ್ಲಿ ಅದು ತಿಂಗಳಿಗೊಮ್ಮೆ ತೆರಬೇಕಾದ ಸಾಲದ ಭಾಗ, ಅಂದರೆ ಜನರ ಬಾಯಿಯ ಇ.ಎಂ.ಐ. ಈ ಮೂರಕ್ಕೂ ಪರಸ್ಪರ ನಂಟಿಲ್ಲವೆಂದು ನಿಘಂಟಿನ ಪುಟದಲ್ಲಿ ತೋರಬಹುದಾದರೂ, ಒಬ್ಬನೇ ಮನುಷ್ಯನ ಬಾಳಿನಲ್ಲಿ, ಒಂದೇ ವರ್ಷದೊಳಗೆ, ಮೂರೂ ಒಟ್ಟಾಗಿ ಮನೆಮಾಡುವುದನ್ನು ಕಾಣಬೇಕಾದವರು ಸಾಲದ ಮೇಲೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಬೆಂಗಳೂರಿನ ಗೃಹಸ್ಥನನ್ನು ಗಮನಿಸಿದರೆ ಸಾಕು. ಈತನನ್ನು ‘ಕಂತಿನೊಡೆಯ’ ಎಂದು ಕರೆಯಬಹುದು. ಒಡೆಯ ಎಂಬ ಮಾತಿನಲ್ಲಿ ತುಸು ಉತ್ಪ್ರೇಕ್ಷೆಯಿದೆ. ಅದರ ಲೆಕ್ಕ ಮುಂದೆ ಬರುತ್ತದೆ.

ಕಂತಿನೊಡೆಯನ ತಂದೆಯೋ ತಾತನೋ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಂಡವನಾಗಿರುತ್ತಾನೆ. ಆತ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ಸುಳಿ, ಅಂದರೆ ಮೈಮೇಲೆ ಕೂದಲು ಸುತ್ತಿಕೊಂಡಿರುವ ಗುರುತು, ಒಳ್ಳೆಯ ಜಾಗದಲ್ಲಿದೆಯೇ ಕೆಟ್ಟ ಜಾಗದಲ್ಲಿದೆಯೇ ಎಂದು ಹುಡುಕುತ್ತಿದ್ದ. ನಾಲ್ಕು ಹೆಜ್ಜೆ ನಡೆಸಿ ಕಾಲು ಎಳೆಯುತ್ತದೆಯೇ ಎಂದು ಪರೀಕ್ಷಿಸಿ, ಕೊನೆಗೆ ದಲ್ಲಾಳಿಯೊಡನೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ. ಮಗನಾದರೋ ಕಾರಿನ ಬಾನೆಟ್ ಎತ್ತಿಸಿ, ಗರ್ಭಗುಡಿಯ ತೆರೆ ಸರಿದಾಗ ಇಣುಕುವವರಂತೆ ಒಂದು ಕ್ಷಣ ಒಳಗೆ ಇಣುಕಿ, ಕಂಡದ್ದೇನೆಂದು ತಿಳಿಯದಿದ್ದರೂ ಗಂಭೀರವಾಗಿ ತಲೆದೂಗಿ ಮುಚ್ಚಿಸುತ್ತಾನೆ. ಆತನ ಸೂಕ್ಷ್ಮ ಪರೀಕ್ಷೆಯೆಲ್ಲ ಟಚ್ ಸ್ಕ್ರೀನು, ರಿವರ್ಸ್ ಕ್ಯಾಮೆರಾ ಮತ್ತು ಸೀಟಿನ ಕವರುಗಳಿಗೆ ಮೀಸಲು. “ಸಿಂಗಲ್ ಓನರ್ ಸಾರ್, ಡಾಕ್ಟ್ರು ಓಡಿಸಿದ ಗಾಡಿ, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ, ಅಷ್ಟೇ” ಎಂದು ಮಾರುವವನು ಹೇಳಿದಾಗ ಆತನ ಮುಖ ಅರಳುತ್ತದೆ. (ಈ ರಾಜ್ಯದಲ್ಲಿ ಮಾರಾಟಕ್ಕೆ ಬಂದ ಹಳೆಯ ಕಾರುಗಳನ್ನೆಲ್ಲ ನಿಜವಾಗಿಯೂ ವೈದ್ಯರೇ ಓಡಿಸಿದ್ದರೆ ರೋಗಿಗಳ ಗತಿ ಏನಾಗುತ್ತಿತ್ತೆಂಬುದನ್ನು ಯಾರೂ ಯೋಚಿಸಿದಂತಿಲ್ಲ.) ಗಿರಾಕಿ ಬರುವ ಮೊದಲೇ ಎಂಜಿನನ್ನು ಬಿಸಿಮಾಡಿಟ್ಟರೆ ತಣ್ಣನೆಯ ಸ್ಟಾರ್ಟಿನ ಗೊರಗೊರ ಕೇಳಿಸುವುದಿಲ್ಲ, ದಪ್ಪ ಆಯಿಲ್ ಸುರಿದರೆ ಹೊಗೆ ಕೆಲದಿನ ಅಡಗಿಕೊಂಡಿರುತ್ತದೆ, ಮೀಟರು ಹಿಂದಕ್ಕೆ ತಿರುಗಿಸಿದರೆ ವಯಸ್ಸೂ ಹಿಂದಕ್ಕೆ ಹೋಗುತ್ತದೆ ಎಂಬ ಸಂಗತಿಗಳು ಇಡೀ ಪೇಟೆಗೆ ಗೊತ್ತು. ಕೊಳ್ಳುವವನೇ ಕಣ್ಣು ತೆರೆದಿರಬೇಕೆಂಬ ಹಳೆಯ ತತ್ತ್ವವನ್ನು 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮು ಕೆಲವು ವಿನಾಯಿತಿಗಳೊಡನೆ ಉಳಿಸಿಕೊಂಡಿದೆ. ಕಂತಿನೊಡೆಯ ಕಣ್ಣು ತೆರೆದೇ ಇದ್ದ. ಅದು ಟಚ್ ಸ್ಕ್ರೀನಿನ ಮೇಲಿತ್ತು. ಇದು ಕಂತುವಿನ, ಅಂದರೆ ಮನ್ಮಥನ, ಹಂತ.

ಸಾಲ ಹುಟ್ಟುವುದು ಕಷ್ಟವೇನಲ್ಲ. ಕಾರಿನ ಬೆಲೆ ಐದು ಲಕ್ಷವೆಂದೂ ಕೈಯಿಂದ ಹಾಕಿದ್ದು ಒಂದೂವರೆ ಲಕ್ಷವೆಂದೂ ಇಟ್ಟುಕೊಂಡರೆ, ಉಳಿದ ಮೂರೂವರೆ ಲಕ್ಷಕ್ಕೆ ವರ್ಷಕ್ಕೆ ಶೇ. 14ರ ಬಡ್ಡಿಯಂತೆ 48 ತಿಂಗಳಿಗೆ ಬೀಳುವ ಕಂತು 9,564 ರೂಪಾಯಿ. ಕೊನೆಯ ಕಂತುಗಳಿಗೆ ಹೋಲಿಸಿದರೆ ಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಹೆಚ್ಚು, ಅಸಲಿನ ಪಾಲು ಕಡಿಮೆ. ಆದುದರಿಂದ ಆರು ಕಂತು, ಅಂದರೆ 57 ಸಾವಿರಕ್ಕೂ ಮಿಕ್ಕಿ ಹಣ, ಕಟ್ಟಿದ ಮೇಲೂ ಸುಮಾರು 3,16,000 ರೂಪಾಯಿ ಅಸಲು ಹಾಗೆಯೇ ಕುಳಿತಿರುತ್ತದೆ. ಈ ಸಾಲದ ಆಧಾರಕ್ಕೆ ಹೈಪಾಥಿಕೇಶನ್ ಎಂದು ಹೆಸರು. ಪೇಟೆಯ ಜನ ಚಿಕ್ಕದಾಗಿ ‘ಎಚ್.ಪಿ. ಇದೆ’ ಎನ್ನುತ್ತಾರೆ. ಗಿರವಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಗಿರವಿಯಲ್ಲಿ ಒಡವೆ ಸಾಲ ಕೊಟ್ಟವನ ತಿಜೋರಿಗೆ ಹೋಗುತ್ತದೆ, ಹೈಪಾಥಿಕೇಶನ್ನಿನಲ್ಲಿ ವಸ್ತು ಸಾಲಗಾರನ ಮನೆಯಲ್ಲೇ ಇದ್ದು ಅದರ ಮೇಲಿನ ಹಕ್ಕು ಮಾತ್ರ ಸಾಲ ಕೊಟ್ಟವನ ಬಳಿ ಇರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 51ನೆಯ ಕಲಮಿನಂತೆ ಆ ಹಕ್ಕು ಆರ್.ಸಿ.ಯಲ್ಲಿ ದಾಖಲಾಗುತ್ತದೆ, ಫೈನಾನ್ಸಿನ ಒಪ್ಪಿಗೆಯಿಲ್ಲದೆ ಕಾರು ಬೇರೆಯವರ ಹೆಸರಿಗೆ ಹೋಗುವುದಿಲ್ಲ. ಕಂತುಪಿತ ಎಂಬ ಹೆಸರು ಇಂದು ವಿಷ್ಣುವಿಗಿಂತ ಫೈನಾನ್ಸಿಗೇ ಹೆಚ್ಚು ಒಪ್ಪುತ್ತದೆ. ಕಂತಿನೊಡೆಯ ಈ ದಾಖಲೆಯನ್ನೆಲ್ಲ ಓದದೆ ಸಹಿ ಹಾಕಿ, ಯುಗಾದಿಯ ಹೊತ್ತಿಗೆ ಮೈಸೂರು ರಸ್ತೆಯ ಗಾಳಿ ಆಂಜನೇಯ ಸ್ವಾಮಿಯ ಗುಡಿಯ ಮುಂದೆ ನಾಲ್ಕು ಚಕ್ರಗಳಿಗೂ ನಿಂಬೆಹಣ್ಣು ಇಡಿಸುತ್ತಾನೆ. ಕಾರು ತನ್ನ ಸ್ವಂತ ಶಕ್ತಿಯಿಂದ ಮುಂದೆ ಸರಿದು ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿದ್ದಕ್ಕೆ ಫೋಟೋ ಸಾಕ್ಷಿಯಿರುತ್ತದೆ.

ಎಂಜಿನ್ ಕೆಡುವ ಜಾಗದ ಬಗ್ಗೆ ನಿಯಮವೇನೂ ಇಲ್ಲದಿದ್ದರೂ ಈ ವರ್ಗದವರು ಅದಕ್ಕಾಗಿ ಘಾಟಿಗಳನ್ನು ಆಯ್ದುಕೊಳ್ಳುವುದು ಹೆಚ್ಚು. ಮೇ ತಿಂಗಳ ರಜೆಯಲ್ಲಿ ಧರ್ಮಸ್ಥಳ, ಕುಕ್ಕೆ ಮುಗಿಸಿ, ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ, ಕಾರಿನೊಳಗೆ ಐದು ಜನ, ಡಿಕ್ಕಿಯಲ್ಲಿ ಪ್ರಸಾದ ಮತ್ತು ಎರಡು ಹಲಸಿನ ಹಣ್ಣು, ಮುಂದೆ ಟ್ಯಾಂಕರುಗಳ ಸಾಲು, ಎ.ಸಿ. ಪೂರ್ತಿ. ರೇಡಿಯೇಟರಿನ ಹಳೆಯ ರಬ್ಬರು ಪೈಪೊಂದು ಬಿರಿದು, ಎಂಜಿನನ್ನು ತಣ್ಣಗಿಡುವ ಕೂಲೆಂಟ್ ಎಂಬ ದ್ರವ ಸೋರತೊಡಗುತ್ತದೆ. “ರೀ, ಆ ಮುಳ್ಳು ಮೇಲೆ ಹೋಗ್ತಿದೆ” ಎಂದು ಹೆಂಡತಿ ಹೇಳುತ್ತಾಳೆ. “ಘಾಟಿ ಅಲ್ವಾ, ಹಂಗೇ ಅದು” ಎಂದು ಆತ ಹೇಳುತ್ತಾನೆ. ಇಡೀ ದುರಂತದಲ್ಲಿ ಅತ್ಯಂತ ದುಬಾರಿಯಾದ ವಾಕ್ಯ ಇದು. ಅಲ್ಲಿಯೇ ನಿಲ್ಲಿಸಿ, ಎಂಜಿನ್ ಆರಿಸಿ, ತಣ್ಣಗಾಗುವವರೆಗೆ ಕಾದಿದ್ದರೆ ಖರ್ಚು ಒಂದು ಪೈಪು ಮತ್ತು ಒಂದು ಡಬ್ಬಿ ಕೂಲೆಂಟಿನಲ್ಲಿ ಮುಗಿಯಬಹುದಾಗಿತ್ತು. ಆದರೆ ಹಿಂದಿನ ಸೀಟಿನಲ್ಲಿ ಮಾವನವರು ಕುಳಿತಿರುವಾಗ ಅಳಿಯನ ಕಾರು ಘಾಟಿಯ ನಡುವೆ ನಿಲ್ಲಬಾರದೆಂಬ ಧರ್ಮಸೂಕ್ಷ್ಮವೊಂದಿದೆ. ‘ಇನ್ನೇನು ಸಕಲೇಶಪುರ ಬಂದೇ ಬಿಡ್ತು’ ಎಂಬ ನಂಬಿಕೆಯಲ್ಲಿ ಆತ ಇನ್ನೂ ಕೆಲವು ಕಿಲೋಮೀಟರು ಓಡಿಸುತ್ತಾನೆ.

ಆ ಕೆಲವು ಕಿಲೋಮೀಟರುಗಳಲ್ಲಿ ನಡೆಯುವುದನ್ನು ವಿವರವಾಗಿ ತಿಳಿಯುವುದು ಉಚಿತ. ಎಂಜಿನಿನ ಕೆಳಭಾಗಕ್ಕೆ ಬ್ಲಾಕ್ ಎಂದೂ, ಅದರ ಮೇಲಿನ ಮುಚ್ಚಳದಂಥ ಭಾಗಕ್ಕೆ ಹೆಡ್ ಎಂದೂ ಹೆಸರು. ಇವೆರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳುಹಾಳೆಯೊಂದಿದ್ದು, ಅದು ಬೆಂಕಿ, ಆಯಿಲ್ ಮತ್ತು ಕೂಲೆಂಟು ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳುತ್ತದೆ, ಒಂದೇ ಸೂರಿನಡಿ ಇದ್ದೂ ಮಾತುಬಿಟ್ಟ ಮೂವರು ಅಣ್ಣತಮ್ಮಂದಿರ ನಡುವೆ ಎಬ್ಬಿಸಿದ ಗೋಡೆಯಂತೆ. ಕೂಲೆಂಟಿಲ್ಲದೆ ಕಾದ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗಿ ಗೋಡೆ ಕುಸಿದೊಡನೆ ಮೂವರೂ ಒಂದಾಗುತ್ತಾರೆ, ಮತ್ತು ಆ ಐಕ್ಯವೇ ಮನೆ ಹಾಳಾಗಲು ಕಾರಣವಾಗುತ್ತದೆ. ಸೈಲೆನ್ಸರಿನಿಂದ ಬಿಳಿಯ ಹೊಗೆ ಏಳುತ್ತದೆ. ಆಯಿಲಿಗೆ ಕೂಲೆಂಟು ಸೇರಿ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಊರೂ ಕಾಫಿಯದ್ದೇ ಆದುದರಿಂದ ಸಕಲೇಶಪುರದ ಮೆಕ್ಯಾನಿಕ್ಕಿಗೆ ಆ ಬಣ್ಣ ನೋಡಿದೊಡನೆ ಗುರುತು ಸಿಗುತ್ತದೆ. ಹೀಗೆ ಕೆಟ್ಟ ಆಯಿಲು ಬೇರಿಂಗುಗಳನ್ನು ಕಾಪಾಡಲಾರದೆ, ಕಾವಿಗೆ ಉಬ್ಬಿದ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡು ನಿಂತುಬಿಟ್ಟರೆ ಅದಕ್ಕೆ ಎಂಜಿನ್ ಸೀಜ್ ಆಗುವುದು ಎನ್ನುತ್ತಾರೆ.

ಗ್ಯಾರೇಜಿನ ಭಾಷೆಯಲ್ಲಿ ಅತ್ಯಂತ ಅರ್ಥಗರ್ಭಿತವಾದ ವಾಕ್ಯ “ಬಿಚ್ಚಿ ನೋಡ್ಬೇಕು ಸಾರ್” ಎಂಬುದು. ಬಿಚ್ಚುವ ಮೊದಲು ಖರ್ಚು ಎಷ್ಟೆಂದು ಯಾರೂ ಹೇಳಲಾರರು, ಬಿಚ್ಚಿದ ಮೇಲೆ ಬೇಡವೆಂದು ಕಂತಿನೊಡೆಯ ಹೇಳಲಾರ. ಹೆಡ್ಡಿನ ಮೈ ಸಮಮಾಡಲು ಲೇತಿಗೆ ಕಳಿಸಬೇಕು, ಬೋರು ಕೊರೆಸಬೇಕು, ಕ್ರ್ಯಾಂಕು ಉಜ್ಜಿಸಬೇಕು. ಇಲ್ಲವಾದರೆ ಹಾಫ್ ಎಂಜಿನ್, ಅಂದರೆ ಪಿಸ್ಟನ್ನು, ಕ್ರ್ಯಾಂಕು ಸಮೇತವಾದ ಬ್ಲಾಕನ್ನು, ಹೊಸದಾಗಿ ತರಬೇಕು. ಅದೂ ಆಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಅಪಘಾತಕ್ಕೀಡಾದ ಕಾರಿನ ಎಂಜಿನ್ ಹುಡುಕಬೇಕು, ಆದರೆ ಆರ್.ಸಿ.ಯಲ್ಲಿ ಎಂಜಿನ್ ನಂಬರೂ ಇರುವುದರಿಂದ ಆಮೇಲೆ ಆರ್.ಟಿ.ಒ. ಮೆಟ್ಟಿಲನ್ನೂ ಹತ್ತಬೇಕು. ಇನ್ಶೂರೆನ್ಸ್ ಇದೆಯಲ್ಲ ಎಂಬ ಕೊನೆಯ ಆಸೆಯಿಂದ ಪಾಲಿಸಿಯನ್ನು ಮೊದಲ ಬಾರಿಗೆ ಓದಿದಾಗ, ‘ಫಸ್ಟ್ ಪಾರ್ಟಿ’ ಎಂದು ಜನ ಕರೆಯುವ ಪೂರ್ಣ ವಿಮೆಯೂ ಸವಕಳಿಯನ್ನಾಗಲಿ ಯಾಂತ್ರಿಕ ವೈಫಲ್ಯವನ್ನಾಗಲಿ ಭರಿಸುವುದಿಲ್ಲವೆಂಬ ಸಾಲು ಆತನಿಗಾಗಿಯೇ ಬರೆದಂತೆ ಕಾಣುತ್ತದೆ. ಮರಕ್ಕೆ ಗುದ್ದಿದ್ದರೆ ದುಡ್ಡು ಬರುತ್ತಿತ್ತು. ಎಚ್ಚರಿಕೆಯಿಂದ ಓಡಿಸಿದ್ದೇ ತಪ್ಪಾಯಿತೆಂದು ಆತ ಆ ರಾತ್ರಿ ತೀರ್ಮಾನಿಸುತ್ತಾನೆ.

ಒಡೆತನದ ಲೆಕ್ಕ ಈಗ ಹೇಳಬಹುದು. ಹೆಡ್ಡು ಲೇತಿನವನ ಬಳಿ ಇದೆ, ಬ್ಲಾಕು ಗ್ಯಾರೇಜಿನಲ್ಲಿದೆ, ಹಕ್ಕು ಫೈನಾನ್ಸಿನದು, ಜಾಗ ಸಾಲದೆಂದು ಗ್ಯಾರೇಜಿನವನು ವಾಪಸು ಕಳಿಸಿದ ಚಿಪ್ಪು ಮಾತ್ರ ಕವರು ಹೊದ್ದು ಮನೆಯ ಕಾಂಪೌಂಡಿನಲ್ಲಿ ನಿಂತಿದೆ. ಅದರಡಿಯಲ್ಲಿ ಬೀದಿನಾಯಿ ಮರಿಹಾಕಿದೆ, ಬಾನೆಟ್ಟಿನ ಮೇಲೆ ಮನೆಯವರು ಸಂಡಿಗೆ ಒಣಹಾಕುತ್ತಾರೆ. ಕಂತಿನೊಡೆಯನದೆಂದು ಯಾರೂ ಪಾಲು ಕೇಳದೆ ಬಿಟ್ಟಿರುವುದು ಕಂತೊಂದೇ. ಶಿವನ ಉರಿಗಣ್ಣಿಗೆ ಸುಟ್ಟುಹೋದ ಮೇಲೆ ಮನ್ಮಥ ಮೈಯಿಲ್ಲದ ಅನಂಗನಾಗಿ ಮೊದಲಿಗಿಂತ ಹೆಚ್ಚು ಕಾಡಿದನೆಂದು ಪುರಾಣ ಹೇಳುವುದನ್ನು ಎಂಜಿನ್ ಸುಟ್ಟುಕೊಂಡವರು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಎತ್ತು ಸತ್ತರೆ ತಾತನ ಮನೆಯಲ್ಲಿ ಒಂದು ದಿನ ಒಲೆ ಹಚ್ಚುತ್ತಿರಲಿಲ್ಲ, ಮರುದಿನ ಎಲ್ಲ ಮುಗಿಯುತ್ತಿತ್ತು; ಇಲ್ಲಿ ಪ್ರತಿ ತಿಂಗಳ 5ನೆಯ ತಾರೀಖು ತಿಥಿ. ಖಾತೆಯಲ್ಲಿ ಹಣವಿಲ್ಲದೆ ಕಂತು ಬೌನ್ಸ್ ಆದರೆ ಶುಲ್ಕ ಬೇರೆ, ಜೊತೆಗೆ ಸಿಬಿಲ್, ಅಂದರೆ 300ರಿಂದ 900ರವರೆಗಿನ ಅಂಕಗಳಲ್ಲಿ ಸಾಲಗಾರನ ನಡತೆಯನ್ನು ಅಳೆಯುವ ಲೆಕ್ಕ, ಕೆಳಗಿಳಿಯುತ್ತದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಕಟ್ಟಪ್ಪಣೆ ಮಾಡಿದೆ. ಹಾಗಾಗಿ ಒಂದು ಕಂತು ತಪ್ಪಿದ ಮನೆಯಲ್ಲಿ 8 ಗಂಟೆಯನ್ನು ತಿಳಿಯಲು ಗಡಿಯಾರ ನೋಡಬೇಕಾಗಿಲ್ಲ.

ಇಷ್ಟಾದರೂ ಕಂತಿನೊಡೆಯನ ಮಾತಿನಲ್ಲಿ ವರ್ತಮಾನಕಾಲ ಕದಲುವುದಿಲ್ಲ. ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಕಂಬ ಹಿಡಿದು ನಿಂತು “ಕಾರು ಸರ್ವೀಸಿಗೆ ಬಿಟ್ಟಿದೀನಿ” ಎನ್ನುತ್ತಾನೆ. ಐದು ತಿಂಗಳಿಂದ ಅದು ಸರ್ವೀಸಿನಲ್ಲಿದೆ. ನಾನು ಆವತ್ತೇ ಹೇಳಿದ್ದೆ ಎನ್ನುವ ಭಾವಮೈದುನನಿಗೆ ಪೆಟ್ರೋಲ್, ಡೀಸೆಲ್ಲುಗಳ ಗುಣದೋಷ ವಿವರಿಸುತ್ತಾನೆ. ಬ್ಲಾಕಿನಲ್ಲಿ ಬಿರುಕಿದೆಯೇ ಎಂಬುದನ್ನು ಅಪರಿಚಿತರೊಡನೆಯೂ ಚರ್ಚಿಸಬಲ್ಲನು, ಏಕೆಂದರೆ ಎಂಜಿನಿನ ಅಂಗರಚನೆಯನ್ನು ಆತ ಅದು ಸತ್ತ ಮೇಲೆ ಪೂರ್ತಿ ಕಲಿತಿದ್ದಾನೆ. ಹೆಂಡತಿ ಮಾತ್ರ ಆ ಮುಳ್ಳಿನ ವಿಷಯವನ್ನು ಇಂದಿಗೂ ಎತ್ತಿಲ್ಲ, ಅದೇ ಆತನನ್ನು ಹೆದರಿಸುತ್ತದೆ.

ಆಯುಧಪೂಜೆಯ ದಿನ ಕಾರಿನ ಕವರು ತೆಗೆಯಲಾಗುತ್ತದೆ. ಮೈ ತೊಳೆದು, ಚೆಂಡುಹೂವಿನ ಹಾರ ಹಾಕಿ, ಬಾನೆಟ್ಟಿಗೆ ವಿಭೂತಿ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಇಟ್ಟ ಮೇಲೆ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ, ಏಕೆಂದರೆ ಮುಂದಕ್ಕೆ ಸರಿಸಬೇಕಾದ ಎಂಜಿನ್ ಊರಿನ ಇನ್ನೊಂದು ತುದಿಯಲ್ಲಿದೆ. ಆಗ ಅಕ್ಕಪಕ್ಕದ ನಾಲ್ವರು ಪಂಚೆ ಎತ್ತಿಕಟ್ಟಿ ಹಿಂದೆ ನಿಲ್ಲುತ್ತಾರೆ. ಕಂತಿನೊಡೆಯ ಸೀಟಿನಲ್ಲಿ ಕುಳಿತು, ಬೆಲ್ಟು ಹಾಕಿಕೊಂಡು, ಸ್ಟೀರಿಂಗ್ ಹಿಡಿಯುತ್ತಾನೆ. ನಿಂಬೆಹಣ್ಣುಗಳು ಒಂದೊಂದಾಗಿ ಒಡೆಯುತ್ತವೆ, ಫೋಟೋ ಬರುತ್ತದೆ, ಸ್ಟೇಟಸ್ಸಿಗೂ ಹೋಗುತ್ತದೆ. ಕಾರು ಮೂರಡಿ ಮುಂದೆ ಬಂದು ಗೇಟಿನ ಹಾದಿಗೆ ಅಡ್ಡ ನಿಂತಿದೆಯೆಂಬುದು ಗಮನಕ್ಕೆ ಬರುವ ಹೊತ್ತಿಗೆ, ತಳ್ಳಿದ ನಾಲ್ವರೂ ಕಡಲೆಪುರಿ, ಸಿಹಿ ತೆಗೆದುಕೊಂಡು ಹೊರಟುಹೋಗಿರುತ್ತಾರೆ.